ಬೋರ್ ನೀರಿನಲ್ಲಿ ಆರ್ಸೆನಿಕ್ ಇದೆಯಾ? ಪರೀಕ್ಷೆ ಯಾವುದು ಮಾಡಿಸಬೇಕು, ಫಿಲ್ಟರ್ ಯಾವುದು ಹಾಕಿಸಬೇಕು

ಕಳೆದ ಬೇಸಿಗೆಯಲ್ಲಿ ಹೊಸನಗರದ ಹತ್ತಿರ ಇರುವ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅಡಿಗೆ ಮನೆಯ ಕಟ್ಟೆ ಮೇಲೆ ಎರಡು ಗಾಜಿನ ಲೋಟ ಇಟ್ಟಿದ್ದರು. ಒಂದರಲ್ಲಿ ಮನೆಯ ಬೋರ್ ನೀರು, ಇನ್ನೊಂದರಲ್ಲಿ ಫಿಲ್ಟರ್ ಮಾರಲು ಬಂದವರು ತಂದಿದ್ದ, ಅತಿ ಸಣ್ಣ ರಂಧ್ರದ ಪೊರೆಯಲ್ಲಿ ಒತ್ತಿ ಸೋಸಿದ ಆರ್‌ಒ ನೀರು. ಅವರು ಎರಡೂ ಲೋಟಕ್ಕೆ ಲೋಹದ ಕಡ್ಡಿಗಳಿರುವ ಒಂದು ಸಾಧನ ಇಳಿಸಿ ಸ್ವಿಚ್ ಹಾಕಿದರು. ಎರಡು ನಿಮಿಷದಲ್ಲಿ ಬೋರ್ ನೀರು ಹಸಿರಾಯಿತು, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಮೇಲೆ ಕೊಳಕು ಕೆನೆ ಕಟ್ಟಿತು. ಆರ್‌ಒ ನೀರು ಹಾಗೇ ಇತ್ತು. "ನೋಡಿ, ನೀವು ಕುಡೀತಿರೋದು ಇದು. ಆರ್ಸೆನಿಕ್, ಸೀಸ ಎಲ್ಲಾ ಇದೆ ಇದರಲ್ಲಿ" ಅಂದರು.

ಚಿಕ್ಕಮ್ಮನ ಮುಖ ಬಾಡಿಹೋಯಿತು. ಮೊಮ್ಮಗುವಿಗೆ ಅದೇ ನೀರಿನಲ್ಲಿ ಗಂಜಿ ಮಾಡಿ ಕೊಡುತ್ತಿದ್ದರು.

ನಾನು ಒಂದು ಚಿಟಿಕೆ ಉಪ್ಪು ಕೇಳಿದೆ. ಆರ್‌ಒ ನೀರಿನ ಲೋಟಕ್ಕೆ ಹಾಕಿ ಕಲಕಿ, ಮತ್ತೆ ಕಡ್ಡಿ ಇಳಿಸಿ ಅಂತ ಹೇಳಿದೆ. ಅದೂ ಕಂದಾಯಿತು. ಕಾರಣ ಇಷ್ಟೇ: ಆ ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ಕರೆಂಟ್ ಹರಿದರೆ ಕಬ್ಬಿಣ ಕರಗಿ ತುಕ್ಕಾಗುತ್ತದೆ. ಲವಣ ಇರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ಹರಿಯುವುದಿಲ್ಲ. ಲೋಟದಲ್ಲಿ ಕಂಡ ಕೊಳೆ ಕಡ್ಡಿಯಿಂದ ಬಂದಿದ್ದು. ಆರ್ಸೆನಿಕ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

"ಅಲ್ಲ ಮಾರಾಯ, ಹಾಗಾದ್ರೆ ಆರ್ಸೆನಿಕ್ ಇಲ್ಲ ಅಂತ ಆಯ್ತಾ?" ಅಂತ ಚಿಕ್ಕಪ್ಪ ಕೇಳಿದರು. ಅದೂ ಅಲ್ಲ. ಇದೆಯೋ ಇಲ್ಲವೋ ಅಂತ ಆ ಲೋಟ ಹೇಳಲಿಲ್ಲ, ಅಷ್ಟೇ. ಆ ಪ್ರಶ್ನೆಗೆ ಉತ್ತರ ಹುಡುಕುವುದು ಹೇಗೆ, ಇದ್ದರೆ ಯಾವ ದಾರಿ ಹಿಡಿಯಬೇಕು ಅಂತ ನನ್ನನ್ನು ಕೇಳಿದವರು ಚಿಕ್ಕಪ್ಪ ಒಬ್ಬರೇ ಅಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಹೆದರುವುದಕ್ಕೆ ಕಾರಣ ಇದೆಯಾ?

ಇಲಿ ಪಾಷಾಣ ಅಂತೀವಲ್ಲ, ಆ ಪಾಷಾಣವೇ ಆರ್ಸೆನಿಕ್. ಬಹುಪಾಲು ಕಡೆ ಅದು ನೀರಿಗೆ ಬರುವುದು ನೆಲದೊಳಗಿನ ಕಲ್ಲು ಮಣ್ಣಿನಿಂದ. ಪಶ್ಚಿಮ ಬಂಗಾಳದಲ್ಲಿ 1983ರಲ್ಲಿ ಕೋಲ್ಕತ್ತದ ಚರ್ಮ ವೈದ್ಯ ಕೆ. ಸಿ. ಸಾಹಾ ಮೊದಲ ರೋಗಿಗಳನ್ನು ಗುರುತಿಸಿದರು. ಅಲ್ಲಿನ ಜನ ಕೆರೆ, ಬಾವಿಯ ನೀರು ಕುಡಿದು ಕಾಲರಾ ಬರುತ್ತದೆ ಅಂತ ಕೊಳವೆ ಬಾವಿಗೆ ಹೋಗಿದ್ದರು. ಒಂದು ಕಷ್ಟ ತಪ್ಪಿಸಲು ಹೋಗಿ ಇನ್ನೊಂದಕ್ಕೆ ಸಿಕ್ಕಿಕೊಂಡರು. ಕರ್ನಾಟಕದಲ್ಲಿ ಆರ್ಸೆನಿಕ್ ಸುದ್ದಿ ಬಂದಿದ್ದು ರಾಯಚೂರು, ಯಾದಗಿರಿ ಕಡೆಯಿಂದ, ಹಟ್ಟಿ ಚಿನ್ನದ ಗಣಿಯ ಸುತ್ತಿನ ಕಲ್ಲಿನ ನೆಲದಿಂದ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜ ಇರುವುದು ಸಾಮಾನ್ಯ. ನಮ್ಮ ಶಿವಮೊಗ್ಗದ ಕಡೆಯ ಕಲ್ಲಿನ ಪಟ್ಟಿಯಲ್ಲೂ ಹೊನ್ನಾಳಿ ಹತ್ತಿರ ಹಿಂದೆ ಚಿನ್ನ ತೆಗೆದಿದ್ದಾರೆ. ಹಾಗಂತ ಎಲ್ಲರ ಬೋರ್‌ನಲ್ಲೂ ವಿಷ ಇದೆ ಅಂತಲ್ಲ. ಆದರೆ ಮುನ್ನೂರು ನಾನ್ನೂರು ಅಡಿ ಕಲ್ಲು ಕೊರೆದು ತೆಗೆದ ನೀರನ್ನು ಒಂದು ಸಲವಾದರೂ ಪರೀಕ್ಷೆ ಮಾಡಿಸಬೇಕು.

ಮಲೆನಾಡಿನಲ್ಲಿ ಜನ ಗೊಂದಲ ಮಾಡಿಕೊಳ್ಳುವ ಎರಡು ವಿಷಯ ಹೇಳಿಬಿಡುತ್ತೇನೆ. ಬಕೆಟ್ಟು, ಬಚ್ಚಲು ಕೆಂಪಾಗುವುದು ಕಬ್ಬಿಣದಿಂದ. ಆರ್ಸೆನಿಕ್‌ಗೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ. ಎರಡನೆಯದು, ತೋಟಕ್ಕೆ ಹೊಡೆಯುವ ಬೋರ್ಡೋದಲ್ಲಿ ಇರುವುದು ಮೈಲುತುತ್ತ ಮತ್ತು ಸುಣ್ಣ, ಅಂದರೆ ತಾಮ್ರ. ಅದರಿಂದ ಆರ್ಸೆನಿಕ್ ಬರುವುದಿಲ್ಲ.

ಮಿತಿ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಭಾರತೀಯ ಮಾನಕವೂ ಹೇಳುವುದು ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿಗೆ ಹತ್ತು ಹದಿನೈದು ಸಕ್ಕರೆ ಕಾಳು ಹಾಕಿದಷ್ಟು. ಇಂಥ ನೀರು ಇವತ್ತು ಕುಡಿದರೆ ನಾಳೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಮಿತಿ ಮೀರಿದ ನೀರು ಕುಡಿದರೆ ಅಂಗೈ, ಅಂಗಾಲು ಗಂಟುಗಂಟಾಗಿ ಗಡುಸಾಗುತ್ತದೆ, ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದ ಹಾಗೆ ಕಲೆ ಏಳುತ್ತದೆ, ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತದೆ. ಸ್ನಾನ, ಬಟ್ಟೆ, ಪಾತ್ರೆಗೆ ಆ ನೀರು ಬಳಸಿದರೆ ತೊಂದರೆ ಇಲ್ಲ, ಚರ್ಮದ ಮೂಲಕ ಒಳಗೆ ಹೋಗುವುದು ತೀರಾ ಕಡಿಮೆ. ನೋಡಬೇಕಾದ್ದು ಕುಡಿಯುವ ನೀರು ಮತ್ತು ಅಡಿಗೆಯ ನೀರು.

ಯಾವುದನ್ನು ನೋಡಿ ಆರಿಸಬೇಕು

ಅಂಗಡಿಗೆ ಹೋಗುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಳ್ಳಿ. ನಿಮ್ಮ ನೀರಿನಲ್ಲಿ ಆರ್ಸೆನಿಕ್ ಎಷ್ಟಿದೆ, ಅಂದರೆ ಸರಿಯಾದ ಸಂಖ್ಯೆ ಏನು? ಕುಡಿಯಲು, ಅಡಿಗೆಗೆ ದಿನಕ್ಕೆ ಎಷ್ಟು ಬೇಕು? ಒಬ್ಬರಿಗೆ ಐದು ಲೀಟರ್ ಹಿಡಿದರೆ ನಾಲ್ಕು ಜನರ ಮನೆಗೆ 20 ಲೀಟರ್, ಅಷ್ಟೇ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಹೋದರೂ ಆ 20 ಲೀಟರ್ ಸಿಗುತ್ತದಾ? ಕಬ್ಬಿಣವೋ ರೋಗಾಣುವೋ ಬೇರೆ ತೊಂದರೆ ಇದೆಯಾ? ವರ್ಷ ವರ್ಷ ಎಷ್ಟು ಖರ್ಚು ಬರುತ್ತದೆ?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು ಪ್ರಶ್ನೆ. ಫಿಲ್ಟರ್ ಕೆಲಸ ನಿಲ್ಲಿಸಿದ ದಿನ ನಮಗೆ ಗೊತ್ತಾಗುತ್ತದಾ? ಕಬ್ಬಿಣದ ಫಿಲ್ಟರ್ ಕೆಟ್ಟರೆ ನೀರು ಕೆಂಪಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಆರ್ಸೆನಿಕ್ ಫಿಲ್ಟರ್ ಕೆಟ್ಟರೆ ನೀರು ನಿನ್ನೆಯ ಹಾಗೇ ತಿಳಿಯಾಗಿ, ಸಿಹಿಯಾಗಿ ಬರುತ್ತದೆ.

ಪರೀಕ್ಷೆ: ಮೀಟರ್, ಕಿಟ್, ಪ್ರಯೋಗಾಲಯ

ಟಿಡಿಎಸ್ ಮೀಟರ್ ಅನ್ನು ಬದಿಗಿಡಿ. ಅದು ಕರಗಿದ ಲವಣವನ್ನೆಲ್ಲ ಒಟ್ಟಿಗೆ ಅಳೆದು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ 60, 120, 400 ಅಂತ ತೋರಿಸುತ್ತದೆ. ಆರ್ಸೆನಿಕ್ ಮಿತಿ ಅದೇ ಅಳತೆಯಲ್ಲಿ 0.01. ಮೀಟರಿಗೆ ಅದು ಕಾಣುವುದೇ ಇಲ್ಲ. ಟಿಡಿಎಸ್ 50 ಇರುವ ನೀರಿನಲ್ಲಿ ಆರ್ಸೆನಿಕ್ ಇರಬಹುದು, 500 ಇರುವ ನೀರಿನಲ್ಲಿ ಇಲ್ಲದೆಯೂ ಇರಬಹುದು.

ಪಂಚಾಯಿತಿಯಲ್ಲಿ ಇಟ್ಟಿರುವ ಸಾಮಾನ್ಯ ನೀರಿನ ಕಿಟ್‌ಗಳಲ್ಲಿ ಬಹುಪಾಲು ಕಬ್ಬಿಣ, ಫ್ಲೋರೈಡ್, ನೈಟ್ರೇಟ್, ಗಡಸುತನದಂಥವನ್ನು ನೋಡುತ್ತಾರೆ. ಆರ್ಸೆನಿಕ್‌ಗೆ ಬೇರೆಯೇ ಕಿಟ್ ಬರುತ್ತದೆ. ಚಿಕ್ಕ ಬಾಟಲಿಗೆ ನೀರು ತುಂಬಿ ಎರಡು ಮೂರು ಪುಡಿ ಹಾಕುತ್ತೀರಿ. ಮುಚ್ಚಳದ ಒಳಗೆ ಒಂದು ಕಾಗದದ ಪಟ್ಟಿ ಇರುತ್ತದೆ. ನೀರಿನಲ್ಲಿರುವ ಆರ್ಸೆನಿಕ್ ಅನಿಲವಾಗಿ ಮೇಲೆದ್ದು ಪಟ್ಟಿಗೆ ತಾಗುತ್ತದೆ. ಬಿಳಿ ಪಟ್ಟಿ ಹಳದಿಯಾಗುತ್ತದೆ, ಜಾಸ್ತಿ ಇದ್ದರೆ ಕಂದಾಗುತ್ತದೆ. ಜೊತೆಗೆ ಕೊಟ್ಟ ಬಣ್ಣದ ಚೀಟಿಗೆ ಹೋಲಿಸಿ ಓದಬೇಕು. ಕಿಟ್‌ನಲ್ಲಿ ಹೇಳಿದಷ್ಟು ನಿಮಿಷ ಕಾದು ನೋಡಿದರೆ ಉತ್ತರ ಮನೆಯಲ್ಲೇ ಸಿಗುತ್ತದೆ. ಏಳುವ ಅನಿಲ ವಿಷ, ಪಟ್ಟಿಯಲ್ಲಿ ಪಾದರಸ ಇರುತ್ತದೆ. ಹಾಗಾಗಿ ಜಗಲಿಯಲ್ಲಿ, ಗಾಳಿಯಾಡುವ ಕಡೆ ಮಾಡಿ. ಮಕ್ಕಳು ದೂರ ಇರಲಿ.

ಕಿಟ್ ಯಾವುದಕ್ಕೆ ಒಳ್ಳೆಯದು ಅಂದರೆ, ತುಂಬ ಇದೆಯೋ ಇಲ್ಲವೋ ಅಂತ ತಿಳಿಯಲು. ಲೀಟರಿಗೆ 100 ಮೈಕ್ರೋಗ್ರಾಂ ಇದ್ದರೆ ಸಾಮಾನ್ಯವಾಗಿ ತೋರಿಸುತ್ತದೆ. ಆದರೆ 8 ಇದೆಯಾ 15 ಇದೆಯಾ ಅನ್ನುವುದನ್ನು ತಿಳಿ ಹಳದಿ ನೋಡಿ ಹೇಳಲು ಕಷ್ಟ. ನಮಗೆ ಬೇಕಾಗಿರುವ ಗೆರೆ ಅಲ್ಲೇ ಇದೆ, ಅಲ್ವಾ? ಒಂದು ಓಣಿಯ ಹತ್ತು ಹದಿನೈದು ಬೋರ್ ಒಟ್ಟಿಗೆ ಜಾಲಾಡಿಸಬೇಕು ಅಂದರೆ ಕಿಟ್ ತನ್ನಿ. ಒಂದೇ ಮನೆಯ ವಿಷಯ ಆದರೆ ನೇರ ಪ್ರಯೋಗಾಲಯಕ್ಕೆ ಕೊಡುವುದೇ ಸರಿ.

ಮನೆ ಮನೆಗೆ ಗಂಗೆ ಯೋಜನೆಯ ಅಡಿಯಲ್ಲಿ ಸರ್ಕಾರಿ ನೀರಿನ ಪ್ರಯೋಗಾಲಯಗಳು ಜನರ ನೀರನ್ನೂ ಕಡಿಮೆ ದರದಲ್ಲಿ ಪರೀಕ್ಷೆ ಮಾಡಿಕೊಡುತ್ತವೆ. ಇಲ್ಲವಾದರೆ ಎನ್‌ಎಬಿಎಲ್ (ಪ್ರಯೋಗಾಲಯಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಖಾಸಗಿ ಪ್ರಯೋಗಾಲಯ. ಎಲ್ಲಿ ಕೊಟ್ಟರೂ ಎರಡು ಮಾತು ಕೇಳಿ. "ನೀರಿನ ಪರೀಕ್ಷೆ" ಅಂದರೆ ಅದರಲ್ಲಿ ಆರ್ಸೆನಿಕ್ ಸೇರಿದೆಯಾ? ಎಷ್ಟು ಮೈಕ್ರೋಗ್ರಾಂವರೆಗೆ ಅಳೆಯುತ್ತೀರಿ? ಉತ್ತರ 10ಕ್ಕಿಂತ ಸಾಕಷ್ಟು ಕೆಳಗೆ ಇರಬೇಕು. ಆರ್ಸೆನಿಕ್ ಜೊತೆ ಕಬ್ಬಿಣ, ಪಿಎಚ್ (ನೀರಿನ ಹುಳಿ, ಕ್ಷಾರದ ಅಳತೆ), ಕೋಲಿಫಾರ್ಮ್ (ಕೊಳಕು ಸೇರಿದೆಯಾ ಅಂತ ಸೂಚಿಸುವ ಬ್ಯಾಕ್ಟೀರಿಯಾ) ಕೂಡ ಬರೆಸಿ. ಯಾವ ಫಿಲ್ಟರ್ ಅಂತ ನಿರ್ಧರಿಸಲು ಆ ಮೂರೂ ಬೇಕಾಗುತ್ತವೆ.

ಸ್ಯಾಂಪಲ್ ತೆಗೆಯುವುದರಲ್ಲೇ ಬಹಳ ಜನ ಎಡವುತ್ತಾರೆ. ಟ್ಯಾಂಕಿನ ನಲ್ಲಿಯಿಂದ ಹಿಡಿಯಬೇಡಿ. ಟ್ಯಾಂಕಿನಲ್ಲಿ ಕಬ್ಬಿಣ ಕೆಳಗೆ ಕೂರುವಾಗ ಆರ್ಸೆನಿಕ್ ಕೂಡ ಅದಕ್ಕೆ ಅಂಟಿಕೊಂಡು ಕೂತಿರುತ್ತದೆ, ಸಂಖ್ಯೆ ಕಡಿಮೆ ಬರುತ್ತದೆ. ಬೋರ್ ಹತ್ತು ನಿಮಿಷ ಓಡಿಸಿ, ಮೋಟರ್ ಪಕ್ಕದ ಪೈಪಿನಿಂದಲೇ ಹಿಡಿಯಿರಿ. ಪ್ರಯೋಗಾಲಯದವರು ಕೊಟ್ಟ ಬಾಟಲಿಯಲ್ಲೇ ಹಿಡಿಯಿರಿ. ಅದರೊಳಗೆ ಒಂದೆರಡು ಹನಿ ಆಸಿಡ್ ಇರಬಹುದು, ಅದನ್ನು ತೊಳೆಯಬಾರದು. ಕೋಲಿಫಾರ್ಮ್‌ಗೆ ಬೇರೆ ಬಾಟಲಿ ಕೊಡುತ್ತಾರೆ. ಒಮ್ಮೆ ಮಳೆ ಮುಗಿದ ಮೇಲೆ, ಇನ್ನೊಮ್ಮೆ ಏಪ್ರಿಲ್‌ನಲ್ಲಿ ನೀರು ಆಳಕ್ಕೆ ಇಳಿದಾಗ ಮಾಡಿಸಿದರೆ ಸರಿಯಾದ ಚಿತ್ರ ಸಿಗುತ್ತದೆ.

ಕೆಲಸಕ್ಕೆ ಬಾರದವು

ಕುದಿಸುವುದರಿಂದ ರೋಗಾಣು ಸಾಯುತ್ತದೆ, ಆರ್ಸೆನಿಕ್ ಹೋಗುವುದಿಲ್ಲ. 5 ಲೀಟರ್ ಕುದಿಸಿ 4 ಆದರೆ, 40 ಇದ್ದದ್ದು 50 ಆಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ (ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವುದು), ಯುಎಫ್ (ಸ್ವಲ್ಪ ದೊಡ್ಡ ರಂಧ್ರದ ಪೊರೆಯ ಫಿಲ್ಟರ್) ಇವುಗಳಿಂದಲೂ ಕರಗಿದ ಆರ್ಸೆನಿಕ್ ಹೋಗುವುದಿಲ್ಲ. ಬರೀ ಇದ್ದಿಲಿನ ಫಿಲ್ಟರ್ ಅನ್ನೂ ನಂಬಬೇಡಿ. ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟರೂ ಅಷ್ಟೇ.

ಆರ್‌ಒ

ಎಲ್ಲರ ಬಾಯಲ್ಲೂ ಮೊದಲು ಬರುವುದು ಇದೇ. ಕೆಲಸ ಮಾಡುತ್ತದಾ? ಮಾಡುತ್ತದೆ, ಆದರೆ ಕೆಲವು ಷರತ್ತುಗಳಿವೆ.

ನೀರಿನಲ್ಲಿ ಆರ್ಸೆನಿಕ್ ಎರಡು ರೂಪದಲ್ಲಿ ಇರುತ್ತದೆ. ಗಾಳಿ ತಾಗಿದ ನೀರಿನಲ್ಲಿ ಇರುವುದಕ್ಕೆ ಆರ್ಸೆನಿಕ್ ಐದು ಅನ್ನುತ್ತಾರೆ. ಗಾಳಿ ಸಿಗದ ಆಳದ ನೀರಿನಲ್ಲಿ ಇರುವುದು ಆರ್ಸೆನಿಕ್ ಮೂರು. ಐದನ್ನು ಆರ್‌ಒ ನೂರಕ್ಕೆ 90ಕ್ಕೂ ಜಾಸ್ತಿ ತಡೆಯುತ್ತದೆ. ಮೂರು ಮಾತ್ರ ಗಣನೀಯವಾಗಿ ನುಸುಳಿ ಬರುತ್ತದೆ. ಟ್ಯಾಂಕಿನಲ್ಲಿ ಲೆಕ್ಕದ ಪ್ರಮಾಣದಲ್ಲಿ ಕ್ಲೋರಿನ್ ಹಾಕಿದರೆ ಮೂರು ಐದಾಗುತ್ತದೆ. ಆದರೆ ಕ್ಲೋರಿನ್ ಆರ್‌ಒ ಪೊರೆಯನ್ನು ಹಾಳು ಮಾಡುತ್ತದೆ, ಹಾಗಾಗಿ ಪೊರೆಗಿಂತ ಮುಂಚೆ ಇದ್ದಿಲಿನ ಫಿಲ್ಟರ್ ಇರಲೇಬೇಕು.

ಇನ್ನು ನಾನು ಕಂಡ ದೊಡ್ಡ ತೊಂದರೆ ಹೇಳುತ್ತೇನೆ. ಈಗಿನ ಬಹಳ ಯಂತ್ರಗಳಲ್ಲಿ ಟಿಡಿಎಸ್ ಕಂಟ್ರೋಲರ್ ಅಂತ ಒಂದು ತಿರುಪು ಇರುತ್ತದೆ. ನೀರು ಸಪ್ಪೆಯಾಗಬಾರದು ಅಂತ ಅದು ಆರ್‌ಒ ದಾಟದ ನೀರನ್ನು ಸ್ವಲ್ಪ ಬೆರೆಸುತ್ತದೆ. ಲೆಕ್ಕ ಹಾಕಿ ನೋಡಿ. ಬೋರ್ ನೀರಿನಲ್ಲಿ ಆರ್ಸೆನಿಕ್ 40 ಇದೆ, ಆರ್‌ಒ ಅದನ್ನು 4ಕ್ಕೆ ಇಳಿಸಿತು. ನೂರಕ್ಕೆ 30 ಪಾಲು ಹಸಿ ನೀರು ಬೆರೆತರೆ ಲೋಟಕ್ಕೆ ಬರುವುದು ಸುಮಾರು 15. ದುಡ್ಡು ಕೊಟ್ಟು ಯಂತ್ರ ಹಾಕಿಸಿಯೂ ಮಿತಿ ದಾಟಿದಂತಾಯಿತು. ಆರ್ಸೆನಿಕ್‌ಗಾಗಿ ಆರ್‌ಒ ಕೊಳ್ಳುವುದಾದರೆ ಆ ತಿರುಪನ್ನು ಪೂರ್ತಿ ಮುಚ್ಚಿಸಿ. ಸರ್ವಿಸ್‌ಗೆ ಬಂದವರು ಮತ್ತೆ ತೆರೆಯದ ಹಾಗೆ ನೋಡಿಕೊಳ್ಳಿ.

ನಮ್ಮ ಕೆಂಪು ನೀರಿಗೆ ಆರ್‌ಒ ಪೊರೆ ಬೇಗ ಕಟ್ಟಿಕೊಳ್ಳುತ್ತದೆ. ಮುಂದೆ ಕಬ್ಬಿಣದ ಫಿಲ್ಟರ್ ಇಲ್ಲದಿದ್ದರೆ ಪೊರೆ ಬದಲಿಸುವ ಖರ್ಚು ಮೇಲಿಂದ ಮೇಲೆ ಬರುತ್ತದೆ. ಕರೆಂಟ್ ಇಲ್ಲದಿದ್ದರೆ ಕೆಲಸ ನಿಂತಿತು. ಒಂದು ಲೀಟರ್ ಒಳ್ಳೆಯ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ಆ ನೀರಿನಲ್ಲಿ ಆರ್ಸೆನಿಕ್ ಇನ್ನೂ ಗಟ್ಟಿಯಾಗಿರುತ್ತದೆ. ಅದನ್ನು ಬಸಳೆ ಚಪ್ಪರಕ್ಕೆ, ಸೊಪ್ಪಿನ ಮಡಿಗೆ ಬಿಡಬೇಡಿ, ಶೌಚಕ್ಕೆ ಬಳಸಿ. ಪಟ್ಟಣದ ಮನೆಗೆ, ಕರೆಂಟ್ ನಂಬಬಹುದಾದ ಕಡೆಗೆ, ಬೇರೆ ನೀರಿನ ಮೂಲ ಇಲ್ಲದವರಿಗೆ ಆರ್‌ಒ ಸರಿಯಾದ ಆಯ್ಕೆ. ಘಟ್ಟದ ಒಳಗಿನ ಒಂಟಿ ಮನೆಗೆ ನಾನು ಹೇಳುವುದಿಲ್ಲ.

ಹೀರಿಕೊಳ್ಳುವ ಫಿಲ್ಟರ್

ತುಕ್ಕಿಗೆ ಆರ್ಸೆನಿಕ್ ಅಂದರೆ ತುಂಬ ಒಲವು. ಕಬ್ಬಿಣದ ಆಕ್ಸೈಡ್ ಹರಳುಗಳ ಮೇಲೆ ನೀರು ಹಾಯಿಸಿದರೆ ಆರ್ಸೆನಿಕ್ ಅದಕ್ಕೆ ಅಂಟಿಕೊಳ್ಳುತ್ತದೆ. ಬಾಂಗ್ಲಾದೇಶದಲ್ಲಿ ಹುಟ್ಟಿದ ಅಬುಲ್ ಹುಸ್ಸಾಮ್ ಮಾಡಿದ ಸೋನೋ ಫಿಲ್ಟರ್ ನಡೆಯುವುದು ಇದೇ ಗುಣದ ಮೇಲೆ. ಮರಳು, ಇದ್ದಿಲು, ಕಬ್ಬಿಣ ತುಂಬಿದ ಬಕೆಟ್‌ಗಳು, ಅಷ್ಟೇ. ಅದಕ್ಕೆ 2007ರಲ್ಲಿ ಹತ್ತು ಲಕ್ಷ ಡಾಲರಿನ ಗ್ರೇಂಜರ್ ಬಹುಮಾನ ಬಂತು. ಮದ್ರಾಸ್ ಐಐಟಿಯ ಪ್ರೊಫೆಸರ್ ಪ್ರದೀಪ್ ಅವರ ತಂಡ ಮಾಡಿದ ಅಮೃತ್ ಫಿಲ್ಟರ್ ಕೂಡ ಕಬ್ಬಿಣದ ಅತಿ ಸಣ್ಣ ಕಣಗಳನ್ನೇ ಬಳಸುತ್ತದೆ.

ಕರೆಂಟ್ ಬೇಡ, ನೀರು ಪೋಲಾಗುವುದಿಲ್ಲ. ಮಲೆನಾಡಿಗೆ ಹೇಳಿ ಮಾಡಿಸಿದ ಹಾಗಿದೆ. ಆಕ್ಟಿವೇಟೆಡ್ ಅಲ್ಯುಮಿನಾ ಅನ್ನುವ ಬಿಳಿ ಹರಳಿನ ಫಿಲ್ಟರ್ ಇನ್ನೊಂದು. ಅದು ಸ್ವಲ್ಪ ಹುಳಿ ಕಡೆಗಿರುವ ನೀರಿನಲ್ಲಿ, ಪಿಎಚ್ ಆರರ ಆಸುಪಾಸಿನಲ್ಲಿ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನಾನು ಮೊದಲೇ ಹೇಳಿದ ಭಯ ಇರುವುದು ಇಲ್ಲೇ. ಹರಳು ತುಂಬಿಹೋದ ದಿನ ಯಾವ ಸೂಚನೆಯೂ ಬರುವುದಿಲ್ಲ. ಫಿಲ್ಟರಿನಿಂದ ಬಂದ ನೀರನ್ನು ಮೊದಲ ತಿಂಗಳು ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಲೇಬೇಕು. ಅದು ನಿಮ್ಮಿಂದ ಆಗುವುದಿಲ್ಲ ಅಂದರೆ ಈ ಫಿಲ್ಟರ್ ಬೇಡ. ಹಳೆಯ ಹರಳನ್ನು ತೋಟಕ್ಕೆ, ಗೊಬ್ಬರದ ಗುಂಡಿಗೆ ಎಸೆಯಬೇಡಿ. ಬದಲಿಸಿದವರೇ ವಾಪಸ್ ತೆಗೆದುಕೊಂಡು ಹೋಗುತ್ತಾರಾ ಅಂತ ಕೊಳ್ಳುವಾಗಲೇ ಕೇಳಿ.

ನೀರಿನಲ್ಲಿ ಕಬ್ಬಿಣ ಜಾಸ್ತಿ ಇದ್ದು ಆರ್ಸೆನಿಕ್ ಸ್ವಲ್ಪವೇ ಇದ್ದರೆ ನಿಮ್ಮ ಅದೃಷ್ಟ. ಕಬ್ಬಿಣ ಆರ್ಸೆನಿಕ್‌ನ ಇಪ್ಪತ್ತು ಪಟ್ಟಾದರೂ ಇದ್ದರೆ, ಗಾಳಿ ಆಡಿಸಿ ಕೆಂಪು ಕೂರಿಸಿ ಮರಳಿನಲ್ಲಿ ಸೋಸಿದಾಗ ಆರ್ಸೆನಿಕ್‌ನ ಬಹುಪಾಲು ಅದರ ಜೊತೆಗೇ ಹೋಗುತ್ತದೆ. ಅಂಥ ಮನೆಗೆ ಬರೀ ಕಬ್ಬಿಣದ ಫಿಲ್ಟರ್ ಸಾಕಾಗಲೂಬಹುದು. ಸೋಸಿದ ನೀರಿನ ಪರೀಕ್ಷೆಯೇ ಅದನ್ನು ಹೇಳಬೇಕು.

ನೀರನ್ನೇ ಬದಲಿಸುವುದು

ಮಲೆನಾಡಿನವರು ಮೊದಲು ಯೋಚಿಸಬೇಕಾದ್ದು ಇದನ್ನೇ ಅಂತ ನನಗೆ ಖಚಿತವಾಗಿ ಅನ್ನಿಸುತ್ತದೆ. ಬಯಲು ಸೀಮೆಯವರಿಗೆ ಇಲ್ಲದ ಅನುಕೂಲ ನಮಗಿದೆ. ಬೋರ್ ಬರುವ ಮೊದಲು ಕುಡಿಯುತ್ತಿದ್ದ ಬಾವಿ ಇನ್ನೂ ಹಿತ್ತಲಲ್ಲಿದೆ. ಕೆಲವರಿಗೆ ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರಿದೆ. ಗಾಳಿ ಬೆಳಕು ತಾಗುವ ಮೇಲು ನೀರಿನಲ್ಲಿ ಆರ್ಸೆನಿಕ್ ಸಾಮಾನ್ಯವಾಗಿ ಕಡಿಮೆ. ಅದರ ತೊಂದರೆ ಬೇರೆ, ರೋಗಾಣು. ಬಾವಿಗೆ ಕಟ್ಟೆ, ಬಲೆ ಹಾಕಿಸಿ, ಕೊಟ್ಟಿಗೆ ನೀರು ಹರಿದು ಬರದ ಹಾಗೆ ಮಾಡಿ, ನೀರನ್ನು ಕುದಿಸಿ ಕುಡಿದರೆ ಆ ತೊಂದರೆ ಮುಗಿಯಿತು. ಬಾವಿ ನೀರನ್ನೂ ಒಮ್ಮೆ ಆರ್ಸೆನಿಕ್ ಪರೀಕ್ಷೆಗೆ ಕೊಟ್ಟೇ ಬಳಸಿ.

ಮಳೆ ನೀರಿನ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮಳೆ ಇಲ್ಲದ ಎಂಟು ತಿಂಗಳು, ಅಂದರೆ 240 ದಿನಕ್ಕೆ ದಿನಕ್ಕೆ 20 ಲೀಟರಿನ ಹಾಗೆ 4,800 ಲೀಟರ್ ಬೇಕು. 5,000 ಲೀಟರಿನ ಒಂದು ಟ್ಯಾಂಕ್ ಸಾಕು. 50 ಚದರ ಮೀಟರ್ ಮಾಡಿನಿಂದ, ಸ್ವಲ್ಪ ಪೋಲಾಗುವುದನ್ನೂ ಸೇರಿಸಿ, 125 ಮಿಲಿಮೀಟರ್ ಮಳೆಗೆ ಅದು ತುಂಬುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಸುರಿಯುವ ಆಗುಂಬೆ ಕಡೆ ಆಷಾಢದ ಒಂದೆರಡು ದಿನದ ಮಳೆ ಅದು. ಮೊದಲ ಮಳೆಗಳಲ್ಲಿ ಹಂಚಿನ ಪಾಚಿ, ಧೂಳು ತೊಳೆದು ಹೋಗಲಿ. ಮಾಡು ಚೊಕ್ಕಟವಾದ ಮೇಲೆ ಮರಳಿನಲ್ಲಿ ಸೋಸಿ ಹಿಡಿಯಿರಿ. ಟ್ಯಾಂಕಿಗೆ ಬೆಳಕು, ಸೊಳ್ಳೆ ಹೋಗಬಾರದು. ಕುದಿಸಿ ಕುಡಿಯಿರಿ. ಮೊದಲ ಖರ್ಚು ಒಂದು ಆರ್‌ಒಗಿಂತ ಜಾಸ್ತಿ ಬರಬಹುದು, ಆದರೆ ವರ್ಷ ವರ್ಷ ಬದಲಿಸಬೇಕಾದ ಪೊರೆ, ಹರಳು ಯಾವುದೂ ಇಲ್ಲ.

ಪೇಟೆಯ ಕ್ಯಾನ್ ನೀರು ಅಥವಾ ಊರಿನ ಶುದ್ಧ ನೀರಿನ ಘಟಕ ಬಾಡಿಗೆ ಮನೆಯವರಿಗೆ, ಫಲಿತಾಂಶ ಬರುವವರೆಗೆ ಕಾಯುವವರಿಗೆ ಸರಿ. ಆದರೆ ಕ್ಯಾನ್ ತಂದವರು ಅದನ್ನು ಕುಡಿಯಲು ಮಾತ್ರ ಇಟ್ಟು, ಅನ್ನಕ್ಕೆ ಬೋರ್ ನೀರೇ ಇಡುತ್ತಾರೆ. ಅಕ್ಕಿ ನೀರನ್ನೆಲ್ಲ ಹೀರುತ್ತದೆ, ಆರ್ಸೆನಿಕ್ ಅನ್ನದಲ್ಲೇ ಉಳಿಯುತ್ತದೆ. ಒಳ್ಳೆಯ ನೀರು ಧಾರಾಳವಾಗಿ ಇದ್ದರೆ ನಮ್ಮ ಹಳೆಯ ಪದ್ಧತಿಯ ಹಾಗೆ ಜಾಸ್ತಿ ನೀರಿಟ್ಟು ಬಸಿದ ಅನ್ನ ಮಾಡುವುದು ಒಳ್ಳೆಯದು.

ಯಾರಿಗೆ ಯಾವುದು

ಮಳೆ ಮುಗಿದ ಮೇಲೆ, ಏಪ್ರಿಲ್‌ನಲ್ಲಿ, ಎರಡೂ ಸಲ ಫಲಿತಾಂಶ 10ಕ್ಕಿಂತ ಕೆಳಗೆ ಬಂದರೆ ಆರ್ಸೆನಿಕ್‌ಗಾಗಿ ಏನೂ ಕೊಳ್ಳಬೇಡಿ. ಬೋರ್ ಆಳ ಮಾಡಿಸಿದರೆ, ಹೊಸದು ಕೊರೆಸಿದರೆ ಮಾತ್ರ ಮತ್ತೆ ಪರೀಕ್ಷೆ ಮಾಡಿಸಿ. 10ರಿಂದ 50ರ ಒಳಗೆ ಇದ್ದು ಒಳ್ಳೆಯ ಬಾವಿಯೋ ಮಳೆ ನೀರು ಹಿಡಿಯುವ ಮಾಡೋ ಇದ್ದರೆ ನೀರು ಬದಲಿಸಿ. ಅದಾಗದಿದ್ದರೆ ಹೀರಿಕೊಳ್ಳುವ ಫಿಲ್ಟರ್ ಅಥವಾ ತಿರುಪು ಮುಚ್ಚಿದ ಆರ್‌ಒ. 50 ದಾಟಿದರೆ ಯಂತ್ರದ ಭರವಸೆ ಮೇಲೆ ಕೂರಬೇಡಿ. ಇವತ್ತೇ ಆ ನೀರು ಕುಡಿಯುವುದು ನಿಲ್ಲಿಸಿ, ಪಂಚಾಯಿತಿಗೆ ಬರೆದು ಕೊಡಿ, ಅಕ್ಕಪಕ್ಕದ ಬೋರ್‌ಗಳನ್ನೂ ನೋಡಿಸಿ. ಮನೆಯಲ್ಲಿ ಬಸುರಿ, ಬಾಟಲಿ ಹಾಲು ಕುಡಿಯುವ ಮಗು ಇದ್ದರೆ 10 ದಾಟಿದ ದಿನವೇ ಬೇರೆ ನೀರು ತನ್ನಿ, ಫಿಲ್ಟರ್ ಚರ್ಚೆ ಆಮೇಲೆ. ಅಂಗೈ ಅಂಗಾಲಲ್ಲಿ ಮೇಲೆ ಹೇಳಿದ ಲಕ್ಷಣ ಕಂಡರೆ ಚರ್ಮದ ವೈದ್ಯರಿಗೆ ನೀರಿನ ವರದಿಯನ್ನೂ ತೋರಿಸಿ.

ಚಿಕ್ಕಪ್ಪನ ಮನೆಯ ವರದಿ ಬಂದಾಗ ಬೋರ್‌ನಲ್ಲಿ ಆರ್ಸೆನಿಕ್ ಅಳತೆಗೆ ಸಿಗುವಷ್ಟೂ ಇರಲಿಲ್ಲ. ಕಬ್ಬಿಣ ಮಿತಿ ಮೀರಿತ್ತು. ಬಾವಿಯಲ್ಲಿ ಕೋಲಿಫಾರ್ಮ್ ಇತ್ತು. ಅವರು ಆರ್‌ಒ ಹಾಕಿಸಲಿಲ್ಲ. ಬಾವಿಗೆ ಬಲೆ ಬಂತು, ಕೊಟ್ಟಿಗೆ ಕಡೆಯಿಂದ ಬರುತ್ತಿದ್ದ ನೀರಿಗೆ ಕಾಲುವೆ ತೋಡಿದರು. ಕುಡಿಯಲು, ಅಡಿಗೆಗೆ ಬಾವಿ ನೀರು ಕುದಿಸಿ ಇಡುತ್ತಾರೆ. ಬೋರ್ ನೀರು ಬಚ್ಚಲಿಗೆ, ತೋಟಕ್ಕೆ. ಚಿಕ್ಕಮ್ಮ ವರದಿಯನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿಟ್ಟಿದ್ದಾರೆ. ಏಪ್ರಿಲ್ ಪುಟದಲ್ಲಿ "ನೀರು ಕೊಡುವುದು" ಅಂತ ಪೆನ್ನಿನಲ್ಲಿ ಬರೆದಿದ್ದಾರೆ.